ಲಕ್ಸಾರ್‌ನ ರಾಜರ ಕಣಿವೆ: ಗೋರಿಯಿಂದ ಮ್ಯೂಸಿಯಂವರೆಗೆ ಸಮಗ್ರ ಮಾರ್ಗದರ್ಶಿ

ಈಜಿಪ್ಟಿನ ರಾಜರ ಕಣಿವೆಗೆ ಹೋಗಿ ಬೇಸರದಿಂದ ಹಿಂದಿರುಗುವವರು ಕಡಿಮೆಯಿಲ್ಲ. ಚಿನ್ನದ ಮುಖವಾಡ, ಸಾಲಾಗಿ ಮಲಗಿಸಿದ ಮಮ್ಮಿಗಳು, ರಾಶಿ ನಿಧಿ ಎಲ್ಲ ಅಲ್ಲೇ ಇರುತ್ತದೆ ಎಂದುಕೊಂಡು ಬರುತ್ತಾರೆ. ಕಾಣುವುದು ಬಂಡೆಯೊಳಗೆ ಕೊರೆದ ಬರಿದಾದ ಕೋಣೆಗಳು. ಗೋರಿಗಳಲ್ಲಿದ್ದ ವಸ್ತುಗಳಲ್ಲಿ ಬಹುಪಾಲು ಸಾವಿರಾರು ವರ್ಷಗಳ ಹಿಂದೆಯೇ ಕಳವಾದವು. ಉಳಿದವುಗಳಲ್ಲಿ ಹೆಚ್ಚಿನವು ಈಗ ಲಕ್ಸಾರ್ ಮತ್ತು ಕೈರೋದ ಮ್ಯೂಸಿಯಂಗಳಲ್ಲಿವೆ. ಆದ್ದರಿಂದ ಈ ಪ್ರವಾಸವನ್ನು ಎರಡು ಭಾಗವಾಗಿ ಯೋಚಿಸಬೇಕು: ಮೊದಲು ಗೋರಿ, ಆಮೇಲೆ ಅದರೊಳಗಿದ್ದ ವಸ್ತು. ಗೋರಿಯ ಅಳತೆ, ಇಳಿಜಾರು, ಸೆಕೆ ಮೈಗೆ ತಿಳಿದಿದ್ದರೆ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯೊಳಗಿನ ವಸ್ತು ಬೇರೆಯಾಗಿಯೇ ಕಾಣುತ್ತದೆ. ವಿಮಾನದ ಟಿಕೆಟ್ ಅಡ್ಡ ಬಂದರೆ ಮಾತ್ರ ಈ ಕ್ರಮ ಬದಲಿಸಿ.

ಕಣಿವೆ ಎಂದರೆ ಏನು

ನೈಲ್ ನದಿಯ ಪೂರ್ವ ದಡದಲ್ಲಿ ಲಕ್ಸಾರ್ ಊರು, ಅಂದರೆ ಹಳೆಯ ಥೀಬ್ಸ್ ನಗರ. ಪಶ್ಚಿಮ ದಡದಲ್ಲಿ ಹಸಿರು ಗದ್ದೆ ಮುಗಿಯುತ್ತಿದ್ದಂತೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಸುಣ್ಣಕಲ್ಲಿನ ಬೆಟ್ಟ ಶುರುವಾಗುತ್ತದೆ. ಸೂರ್ಯ ಮುಳುಗುವ ದಿಕ್ಕು ಸತ್ತವರ ದಿಕ್ಕು ಎಂದು ಆ ಜನ ನಂಬಿದ್ದರು. ಬೆಟ್ಟದ ತುದಿಯಲ್ಲಿ ಪಿರಮಿಡ್ಡಿನ ಆಕಾರದ ಶಿಖರವೊಂದಿದೆ, ಹೆಸರು ಅಲ್-ಕುರ್ನ್. ಅದರ ನೆರಳಿನ ಕಣಿವೆಯಲ್ಲಿ 18, 19 ಮತ್ತು 20ನೇ ರಾಜವಂಶದ ಅರಸರನ್ನು ನಾಲ್ಕುನೂರಕ್ಕೂ ಹೆಚ್ಚು ವರ್ಷ ಹೂಳಲಾಯಿತು, ಸರಿಸುಮಾರು ಕ್ರಿ.ಪೂ. 1500ರಿಂದ ಕ್ರಿ.ಪೂ. 1075ರವರೆಗೆ. ಇದುವರೆಗೆ ಸಿಕ್ಕಿರುವ ಗೋರಿ ಮತ್ತು ಗುಂಡಿಗಳು 60ಕ್ಕೂ ಹೆಚ್ಚು. 1827ರಲ್ಲಿ ಇಂಗ್ಲೆಂಡಿನ ವಿದ್ವಾಂಸ ಜಾನ್ ಗಾರ್ಡ್ನರ್ ವಿಲ್ಕಿನ್ಸನ್ ಗೋರಿಗಳಿಗೆ ಬಣ್ಣದಲ್ಲಿ ಸಂಖ್ಯೆ ಬರೆಯಲು ತೊಡಗಿದ. ಇಂದಿಗೂ ಅದೇ ಕ್ರಮ: ಕೆವಿ-1, ಕೆವಿ-2, ಹೀಗೆ (ಕೆವಿ ಎಂದರೆ ಕಿಂಗ್ಸ್ ವ್ಯಾಲಿ). ಚಿನ್ನದ ಮುಖವಾಡದ ಅರಸ ಟುಟಾಂಖಾಮನ್‌ನದು ಕೆವಿ-62. ಅರಸರ ಹೆಸರುಗಳು ಒಂದನ್ನೊಂದು ಹೋಲುವುದರಿಂದ (ರಾಮ್ಸೆಸ್ ಎಂಬ ಹೆಸರಿನವರೇ ಹನ್ನೊಂದು ಮಂದಿ) ಸಂಖ್ಯೆಯನ್ನೇ ನೆನಪಿಡುವುದು ಒಳ್ಳೆಯದು.

ಯಾವಾಗ, ಎಷ್ಟು ದಿನ

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಲಕ್ಸಾರ್ 40 ಡಿಗ್ರಿ ದಾಟುತ್ತದೆ. ಕಣಿವೆಯ ಬಿಳಿ ಕಲ್ಲು ಬಿಸಿಲನ್ನು ಮೇಲಕ್ಕೇ ಎಸೆಯುವುದರಿಂದ ಟೋಪಿ ಹಾಕಿದರೂ ಮುಖ ಸುಡುತ್ತದೆ. ಚಳಿಗಾಲದ ಬೆಳಗ್ಗೆ ಸ್ವೆಟರ್ ಬೇಕು, ಹತ್ತು ಗಂಟೆಗೆ ಅದನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಬೇಕು. ರಂಜಾನ್ ತಿಂಗಳಲ್ಲಿ ವೇಳೆ ಕಡಿತವಾಗುತ್ತದೆ, ಮೊದಲೇ ವಿಚಾರಿಸಿ.

ಲಕ್ಸಾರ್‌ಗೆ ಕನಿಷ್ಠ ಎರಡು ಪೂರ್ತಿ ದಿನ, ಕೈರೋಗೆ ಇನ್ನೆರಡು ದಿನ ಇಟ್ಟುಕೊಳ್ಳಿ. ಹುರ್ಘಾದಾದ ಕಡಲತೀರದಿಂದ ಒಂದೇ ದಿನದಲ್ಲಿ ಬಂದು ಹೋಗುವ ಬಸ್ ಪ್ರವಾಸಗಳೂ ಇವೆ. ಅವು ಜನಜಂಗುಳಿ ಹೆಚ್ಚಿರುವ ಹೊತ್ತಿಗೇ ಕಣಿವೆ ತಲುಪುತ್ತವೆ, ಮೂರು ಗೋರಿಗೆ ಸೇರಿ ಒಂದೂವರೆ ಗಂಟೆ ಕೊಡುತ್ತವೆ. ನಾವಾದರೆ ಅದನ್ನು ಬೇಡ ಎನ್ನುತ್ತೇವೆ.

ತಲುಪುವುದು

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನ ದೆಹಲಿಯ ಈಜಿಪ್ಟ್ ರಾಯಭಾರ ಕಚೇರಿಯ ಸೂಚನೆ ಓದಿ. ಬೆಂಗಳೂರಿನಿಂದ ಹೊರಡುವವರು ಸಾಮಾನ್ಯವಾಗಿ ಕೊಲ್ಲಿಯ ಯಾವುದಾದರೂ ಊರಿನಲ್ಲಿ ವಿಮಾನ ಬದಲಿಸಿ ಕೈರೋ ಸೇರುತ್ತಾರೆ. ಅಲ್ಲಿಂದ ಲಕ್ಸಾರ್ ಸುಮಾರು 650 ಕಿ.ಮೀ. ವಿಮಾನದಲ್ಲಿ ಒಂದು ಗಂಟೆ, ರೈಲಿನಲ್ಲಿ ಹತ್ತು ಗಂಟೆಯ ಆಸುಪಾಸು. ರಾತ್ರಿಯ ಸ್ಲೀಪರ್ ರೈಲು ತಡವಾಗುವುದು ಸಾಮಾನ್ಯ, ಆದ್ದರಿಂದ ರೈಲಿಳಿದ ದಿನವೇ ಕಣಿವೆಗೆ ಹೋಗುವ ಯೋಜನೆ ಹಾಕಬೇಡಿ.

ಬಹುತೇಕ ಹೋಟೆಲುಗಳು ಪೂರ್ವ ದಡದಲ್ಲಿವೆ. ಕಣಿವೆಯೇ ನಿಮ್ಮ ಮುಖ್ಯ ಉದ್ದೇಶವಾದರೆ ಪಶ್ಚಿಮ ದಡದಲ್ಲೇ ಕೋಣೆ ಹಿಡಿಯಿರಿ. ಬೆಳಗಿನ ಮುಕ್ಕಾಲು ಗಂಟೆ ಉಳಿಯುತ್ತದೆ. ಪೂರ್ವ ದಡದಲ್ಲಿದ್ದರೆ ಲಕ್ಸಾರ್ ದೇವಾಲಯದ ಎದುರಿನಿಂದ ಊರಿನವರೆಲ್ಲ ಬಳಸುವ ಫೆರಿ ಹೊರಡುತ್ತದೆ. ದಾಟಿದ ಕೂಡಲೇ ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ. ಬಾಡಿಗೆ ಮಾತಾಡುವಾಗ ಮೂರು ವಿಷಯ ಒಟ್ಟಿಗೆ ಇತ್ಯರ್ಥವಾಗಬೇಕು: ಎಷ್ಟು ಜಾಗ, ಎಷ್ಟು ಗಂಟೆ ಕಾಯುವುದು, ಒಟ್ಟು ಮೊತ್ತ ಯಾವ ಹಣದಲ್ಲಿ. ಬರೀ "ಇನ್ನೂರು" ಎಂದು ಒಪ್ಪಿಕೊಂಡರೆ ಅದು ಈಜಿಪ್ಟಿನ ಪೌಂಡೋ ಡಾಲರೋ, ಒಬ್ಬರಿಗೋ ಎಲ್ಲರಿಗೋ ಎಂಬ ಜಗಳ ಇಳಿಯುವಾಗ ಕಾದಿರುತ್ತದೆ. ದುಡ್ಡು ಕೊನೆಯಲ್ಲಿ ಕೊಡಿ.

ಟಿಕೆಟ್: ಹೆಚ್ಚಿನ ತಪ್ಪು ಆಗುವುದು ಇಲ್ಲೇ

ಬಾಗಿಲು ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಆರೂಕಾಲಿಗೆ ನೀವು ಕಿಟಕಿಯ ಮುಂದಿರಬೇಕು. ಕ್ರೂಸ್ ದೋಣಿಗಳ ಗುಂಪುಗಳು ಎಂಟರ ನಂತರ ಬರತೊಡಗುತ್ತವೆ, ಒಂಬತ್ತರಿಂದ ಹನ್ನೊಂದು ಅತಿ ಕೆಟ್ಟ ಹೊತ್ತು. ಬೆಳಿಗ್ಗೆ ಆಗದಿದ್ದರೆ ಮಧ್ಯಾಹ್ನ ಎರಡರ ನಂತರ ಬನ್ನಿ. ಬಿಸಿಲು ಜೋರಿದ್ದರೂ ಜನ ಕಡಿಮೆ.

ಸಾಮಾನ್ಯ ಟಿಕೆಟ್ಟಿನಲ್ಲಿ ಆ ದಿನ ತೆರೆದಿರುವ ಗೋರಿಗಳಲ್ಲಿ ಯಾವುದಾದರೂ ಮೂರನ್ನು ನೋಡಬಹುದು. ಪ್ರತಿ ಬಾಗಿಲಲ್ಲೂ ಕಾವಲುಗಾರ ಟಿಕೆಟ್ಟಿಗೆ ತೂತು ಹಾಕುತ್ತಾನೆ. ಮೂರು ತೂತು ಬಿತ್ತೆಂದರೆ ಮುಗಿಯಿತು. ದಾರಿಯಲ್ಲಿ ಮೊದಲು ಕಂಡ ಬಾಗಿಲಿಗೆ ನುಗ್ಗಿ ಒಂದು ತೂತು ಕಳೆದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಟುಟಾಂಖಾಮನ್ (ಕೆವಿ-62), ಒಂದನೇ ಸೇತಿ (ಕೆವಿ-17), ಐದನೇ ಮತ್ತು ಆರನೇ ರಾಮ್ಸೆಸ್ (ಕೆವಿ-9) ಗೋರಿಗಳಿಗೆ ಬೇರೆ ಬೇರೆ ಟಿಕೆಟ್. ಅವುಗಳನ್ನೂ ಹೊರಗಿನ ಮುಖ್ಯ ಕಿಟಕಿಯಲ್ಲೇ ಕೊಳ್ಳಬೇಕು. ಗೋರಿಯ ಬಾಗಿಲಿಗೆ ಹೋಗಿ ಮನಸ್ಸು ಬದಲಾಯಿಸಿದರೆ ಮತ್ತೆ ಹೊರಗೆ ನಡೆದು ಬರಬೇಕಾಗುತ್ತದೆ. ಪಶ್ಚಿಮ ಕವಲು ಕಣಿವೆಯಲ್ಲಿರುವ ಮೂರನೇ ಅಮೆನ್‌ಹೋಟೆಪ್‌ನ ಗೋರಿಯನ್ನು ದೀರ್ಘ ದುರಸ್ತಿಯ ನಂತರ 2025ರ ಅಕ್ಟೋಬರ್‌ನಲ್ಲಿ ತೆರೆದರು. ಅದಕ್ಕೂ ಪ್ರತ್ಯೇಕ ಪ್ರಯಾಣ, ಪ್ರತ್ಯೇಕ ಸಮಯ ಬೇಕು.

ದರಗಳು ಹೆಚ್ಚುಕಡಿಮೆ ಪ್ರತಿ ವರ್ಷ ಏರುತ್ತವೆ, ಹೊರಡುವ ವಾರ ನೋಡಿಕೊಳ್ಳಿ. ಇವುಗಳಲ್ಲಿ ಸೇತಿಯ ಗೋರಿಯದೇ ಅತಿ ದುಬಾರಿ, ಸಾಮಾನ್ಯ ಟಿಕೆಟ್ಟಿನ ಎರಡು ಪಟ್ಟಿಗಿಂತಲೂ ಹೆಚ್ಚು. ಆರನೇ ರಾಮ್ಸೆಸ್‌ನದು ಅಗ್ಗ. ಮಾನ್ಯ ಗುರುತಿನ ಚೀಟಿ ಇರುವ ವಿದ್ಯಾರ್ಥಿಗಳಿಗೆ ಅರ್ಧ ದರ.

ಕಿಟಕಿಯಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬೇಕು. ನಮ್ಮ ಬ್ಯಾಂಕುಗಳು ಕೊಡುವ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಊರು ಬಿಡುವ ಮೊದಲೇ ಆ್ಯಪ್‌ನಲ್ಲಿ ಅದನ್ನು ತೆರೆದು ಮಿತಿ ಏರಿಸಿಕೊಳ್ಳಿ. ಇಬ್ಬರಿದ್ದರೆ ಇಬ್ಬರ ಕಾರ್ಡೂ ಜೇಬಿನಲ್ಲಿರಲಿ. ಒಂದು ಕಾರ್ಡ್ ಸೋತು ಒಟಿಪಿಗಾಗಿ ಸಿಗ್ನಲ್ ಹುಡುಕುತ್ತ ನಿಂತರೆ ಬೆಳಗಿನ ತಂಪು ಅಲ್ಲೇ ಕಳೆದುಹೋಗುತ್ತದೆ.

ಟಿಕೆಟ್ ಕೊಂಡ ಮೇಲೆ ಓಡಬೇಡಿ. ಸಂದರ್ಶಕರ ಕೇಂದ್ರದಲ್ಲಿ ಕಣಿವೆಯ ದೊಡ್ಡ ಪಾರದರ್ಶಕ ಮಾದರಿ ಇದೆ. ಮೇಲೆ ಬೆಟ್ಟ, ಬಗ್ಗಿ ನೋಡಿದರೆ ಕೆಳಗೆ ಬೇರುಗಳ ಹಾಗೆ ಇಳಿದಿರುವ ಗೋರಿಗಳು. ಹತ್ತು ನಿಮಿಷ ಇದರ ಮುಂದೆ ಕಳೆಯಿರಿ, ಆಮೇಲೆ ಎಲ್ಲೂ ಈ ನೋಟ ಸಿಗುವುದಿಲ್ಲ. ಶೌಚಾಲಯವನ್ನೂ ಇಲ್ಲೇ ಮುಗಿಸಿಕೊಳ್ಳಿ. ಮುಂದೆ "ತಫ್ತಫ್" ಎಂಬ ಚಿಕ್ಕ ಬ್ಯಾಟರಿ ಗಾಡಿ ಒಳಬಾಗಿಲವರೆಗೆ ಬಿಡುತ್ತದೆ. ಅದಕ್ಕೆ ಪುಟ್ಟ ಪ್ರತ್ಯೇಕ ಶುಲ್ಕ.

ಚೀಲದಲ್ಲಿ ಏನಿರಬೇಕು

ತಲೆಗೆ ಒಂದೂವರೆಯಿಂದ ಎರಡು ಲೀಟರ್ ನೀರು, ಎರಡು ಪೊಟ್ಟಣ ಓಆರ್‌ಎಸ್, ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ, ಹಿಡಿತವಿರುವ ಶೂ. ಗೋರಿಯ ಇಳಿಜಾರಿಗೆ ಮರದ ಹಲಗೆ ಹಾಸಿರುತ್ತಾರೆ. ಮರಳು ಬಿದ್ದ ಹಲಗೆಯ ಮೇಲೆ ಚಪ್ಪಲಿ ಜಾರುತ್ತದೆ. ಚಿಕ್ಕ ಬೈನಾಕ್ಯುಲರ್ ಇದ್ದರೆ ತಪ್ಪದೆ ಒಯ್ಯಿರಿ, ಚಾವಣಿಯ ಚಿತ್ರಗಳಿಗೆ ಅದರಷ್ಟು ಉಪಯುಕ್ತ ವಸ್ತು ಇನ್ನೊಂದಿಲ್ಲ. ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ: ಅವರೆಕಾಳಿನಂಥ ಕಾಳಿನಿಂದ ಮಾಡುವ ಫೂಲ್ ಮತ್ತು ತಾಮಿಯಾ ಎಲ್ಲೆಡೆ ಸಿಗುತ್ತವೆ. ಆದರೆ ಬೆಳಗಿನ ಐದಕ್ಕೆ ಹೋಟೆಲಿನಲ್ಲಿ ತಿಂಡಿ ಸಿಗದು, ಹಿಂದಿನ ರಾತ್ರಿಯೇ ಬ್ರೆಡ್ಡು ಬಾಳೆಹಣ್ಣು ಕಟ್ಟಿಸಿಕೊಳ್ಳಿ.

10, 20 ಪೌಂಡಿನ ಚಿಲ್ಲರೆ ನೋಟುಗಳು ಬೇರೆ ಜೇಬಿನಲ್ಲಿರಲಿ. ನಮ್ಮ ಬಕ್ಷೀಸು ಅಲ್ಲಿಯೂ ಬಕ್ಷೀಸೇ, ಮಾತು ಒಂದೇ.

ಮೂರು ಗೋರಿ ಆರಿಸುವ ಬಗೆ

ಗೋರಿಗಳನ್ನು ಸರದಿಯ ಮೇಲೆ ತೆರೆದು ಮುಚ್ಚುತ್ತಾರೆ. ಜನರ ಉಸಿರಿನಿಂದ ಗೋಡೆಗೆ ವಿರಾಮ ಬೇಕು, ಅದಕ್ಕೆ. ಹಾಗಾಗಿ "ಇದನ್ನೇ ನೋಡಿ" ಎಂದು ಪಟ್ಟಿ ಕೊಟ್ಟರೆ ಕೆಲಸಕ್ಕೆ ಬಾರದು; ಆರಿಸುವ ತತ್ವ ಗೊತ್ತಿರಬೇಕು. ನಮ್ಮ ಸಲಹೆ: ಮೂರೂ ಗೋರಿ ಒಂದೇ ಕಾಲದವಾಗಬಾರದು.

ಹಳೆಯವು, ಅಂದರೆ 18ನೇ ರಾಜವಂಶದವು, ಕಡಿದಾಗಿ ಇಳಿದು ನಡುವೆ ತಿರುಗುತ್ತವೆ, ಬಾಗಿಲನ್ನು ಬಂಡೆಯ ಸಂದಿನಲ್ಲಿ ಅಡಗಿಸಿರುತ್ತಾರೆ. ಮೂರನೇ ಥುಟ್‌ಮೋಸ್‌ನ ಕೆವಿ-34 ಇದರ ಒಳ್ಳೆಯ ಉದಾಹರಣೆ. ಕಬ್ಬಿಣದ ಮೆಟ್ಟಿಲಲ್ಲಿ ಬಂಡೆಯ ಮೇಲಕ್ಕೆ ಹತ್ತಿ, ಮತ್ತೆ ಅಷ್ಟೇ ಕೆಳಕ್ಕೆ ಇಳಿದು, ಆಳವಾದ ಬಾವಿಯೊಂದನ್ನು ಸೇತುವೆಯ ಮೇಲೆ ದಾಟಬೇಕು. ಮೊದಲ ಕಂಬದ ಕೋಣೆಯಲ್ಲಿ 741 ದೇವತೆಗಳ ಪಟ್ಟಿ. ಕೊನೆಯ ಕೋಣೆಗೆ ಮೂಲೆಗಳೇ ಇಲ್ಲ. ಅರಸನ ಹೆಸರು ಬರೆಯುವ ಮೊಟ್ಟೆಯಾಕಾರದ ಚೌಕಟ್ಟಿನ ರೂಪದಲ್ಲೇ ಅದನ್ನು ಕೊರೆದಿದ್ದಾರೆ. ಗೋಡೆಗೆ ಹಳೆಯ ಪಪೈರಸ್ ಹಾಳೆಯ ಹಳದಿ ಬಣ್ಣ, ಮೇಲೆ ಕಡ್ಡಿಯಂಥ ಸಣ್ಣ ಸಣ್ಣ ಗೆರೆಯ ಆಕೃತಿಗಳು. ರಾತ್ರಿಯ ಹನ್ನೆರಡು ಗಂಟೆಗಳಲ್ಲಿ ಸೂರ್ಯ ಪಾತಾಳವನ್ನು ದಾಟುವ ಕಥೆಯನ್ನು ಒಂದು ದೊಡ್ಡ ಸುರುಳಿಯಂತೆ ಗೋಡೆಯ ಸುತ್ತ ಬಿಡಿಸಿಟ್ಟಿದ್ದಾರೆ. ಆಡಂಬರವಿಲ್ಲದ ಈ ಕೋಣೆ ಕಣಿವೆಯಲ್ಲೇ ಶ್ರೇಷ್ಠ ಎಂಬುದು ನಮ್ಮ ಅಭಿಪ್ರಾಯ. ಆದರೆ ಗಾಳಿ ಆಡುವುದಿಲ್ಲ. ಮಂಡಿ ನೋವು, ಉಬ್ಬಸ, ಹೃದಯದ ತೊಂದರೆ ಇರುವವರು ಇಳಿಯಬಾರದು.

ಕೊನೆಯ ಕಾಲದವು, ರಾಮ್ಸೆಸ್‌ಗಳವು, ನೆಟ್ಟಗೆ, ಅಗಲವಾಗಿ, ಮೆಲ್ಲನೆ ಇಳಿಯುತ್ತವೆ. ನಾಲ್ಕನೇ ರಾಮ್ಸೆಸ್‌ನ ಕೆವಿ-2 ಮತ್ತು ಒಂಬತ್ತನೆಯವನ ಕೆವಿ-6 ವಯಸ್ಸಾದವರಿಗೂ ಆಗುತ್ತವೆ. ಕೆವಿ-2ರ ನಕ್ಷೆಯನ್ನು ಆ ಕಾಲದ ಕೆಲಸಗಾರರೇ ಪಪೈರಸ್ ಮೇಲೆ ಬರೆದದ್ದು ಉಳಿದಿದೆ, ಈಗ ಇಟಲಿಯ ಟ್ಯೂರಿನ್ ಮ್ಯೂಸಿಯಂನಲ್ಲಿದೆ.

ಕೆವಿ-11 ಮತ್ತು ಕೆವಿ-14 ಎರಡೂ ತೆರೆದಿದ್ದರೆ ಜೋಡಿಯಾಗಿ ನೋಡಿ. ಸೆಟ್ನಾಖ್ತ್ ಎಂಬ ಅರಸ ಕೆವಿ-11ನ್ನು ಕೊರೆಸುತ್ತಿದ್ದಾಗ ಕೆಲಸಗಾರರ ಉಳಿ ಪಕ್ಕದ ಕೆವಿ-10ರ ಚಾವಣಿಯನ್ನು ಒಡೆದುಕೊಂಡು ಹೋಯಿತು. ಕೆಲಸ ನಿಂತಿತು. ಅವನು ಅದನ್ನು ಬಿಟ್ಟು ರಾಣಿ ತೌಸ್ರೆಟ್‌ಳ ಕೆವಿ-14ನ್ನು ವಶಮಾಡಿಕೊಂಡು, ರಾಣಿಯ ಚಿತ್ರಗಳ ಮೇಲೆ ಗಾರೆ ಬಳಿಸಿ ತನ್ನವನ್ನು ಬರೆಸಿದ. ಅವನ ಮಗ ಮೂರನೇ ರಾಮ್ಸೆಸ್ ಕೆವಿ-11ಕ್ಕೆ ಮರಳಿ ಬಂದು, ದಾರಿಯನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದ. ಒಳಗೆ ನಡೆಯುವಾಗ ನೇರ ದಾರಿ ಇದ್ದಕ್ಕಿದ್ದಂತೆ ಪಕ್ಕಕ್ಕೆ ಜರುಗುವುದು ಕಾಣುತ್ತದೆ. ಆ ತಪ್ಪಿನ ಗುರುತು ಅದು. ಕೆವಿ-11ರ ಪ್ರವೇಶದ ಬಳಿ ಚಿಕ್ಕ ಪಕ್ಕದ ಕೋಣೆಗಳಲ್ಲಿ ರೊಟ್ಟಿ ಸುಡುವವರು, ದೋಣಿಗಳು, ಆಯುಧಗಳು, ವೀಣೆಯಂಥ ವಾದ್ಯ ನುಡಿಸುವ ಕುರುಡು ಗಾಯಕರಿದ್ದಾರೆ. ಜನ ಇವನ್ನು ದಾಟಿ ಓಡುತ್ತಾರೆ. ನೀವು ನಿಲ್ಲಿ.

ಹೆಚ್ಚುವರಿ ಟಿಕೆಟ್ಟಿನಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಕೆವಿ-9 ಕೊಳ್ಳಿ. ಅದರ ಕೊನೆಯ ಕೋಣೆಯ ಚಾವಣಿಯಲ್ಲಿ ಆಕಾಶದೇವತೆ ನುಟ್ ಬೆನ್ನಿಗೆ ಬೆನ್ನು ಹಚ್ಚಿ ಎರಡು ಬಾರಿ ಚಾಚಿಕೊಂಡಿದ್ದಾಳೆ. ಸಂಜೆ ಸೂರ್ಯನನ್ನು ನುಂಗಿ, ರಾತ್ರಿಯಿಡೀ ಮೈಯೊಳಗೆ ಸಾಗಿಸಿ, ಬೆಳಿಗ್ಗೆ ಹೆರುತ್ತಾಳೆ. ಬೈನಾಕ್ಯುಲರ್ ಹೇಳಿದ್ದು ಇದಕ್ಕಾಗಿ. ಗೋಡೆಗಳ ಮೇಲೆ ಗ್ರೀಕ್, ಲ್ಯಾಟಿನ್ ಗೀಚುಬರಹಗಳಿವೆ. ಎರಡು ಸಾವಿರ ವರ್ಷದ ಹಿಂದಿನ ಪ್ರವಾಸಿಗಳು ತಮ್ಮ ಹೆಸರು ಕೆತ್ತಿ ಹೋದದ್ದು.

ಸೇತಿಯ ಕೆವಿ-17 ಅನ್ನು 1817ರಲ್ಲಿ ಇಟಲಿಯ ಅನ್ವೇಷಕ ಬೆಲ್ಜೋನಿ ಕಂಡುಹಿಡಿದ. ಕಣಿವೆಯ ಅತಿ ಉದ್ದದ ಗೋರಿಗಳಲ್ಲಿ ಇದೂ ಒಂದು, 137 ಮೀಟರ್. ನಯವಾದ ಉಬ್ಬುಶಿಲ್ಪ ಉದ್ದಕ್ಕೂ ಇದೆ. ಚಿತ್ರಕಲೆಯಲ್ಲಿ ನಿಜವಾದ ಆಸಕ್ತಿ ಇರುವವರಿಗೆ ಆ ದುಬಾರಿ ಟಿಕೆಟ್ ವ್ಯರ್ಥವಲ್ಲ. ಉಳಿದವರು ಆ ಹಣದಲ್ಲಿ ಇನ್ನೊಂದು ಸಾಮಾನ್ಯ ಟಿಕೆಟ್ ಕೊಂಡು ಮತ್ತೆ ಮೂರು ಗೋರಿ ನೋಡಬಹುದು.

ಟುಟಾಂಖಾಮನ್‌ನದು ತೀರಾ ಚಿಕ್ಕದು. ಹದಿನಾರು ಮೆಟ್ಟಿಲು, ಇಳಿಜಾರು ಓಣಿ, ನಾಲ್ಕು ಕೋಣೆ. ಬಣ್ಣ ಇರುವುದು ಒಂದೇ ಕೋಣೆಗೆ. ಆದರೆ ಅರಸ ಇನ್ನೂ ಅಲ್ಲೇ ಇದ್ದಾನೆ. ತಾಪಮಾನ ನಿಯಂತ್ರಿಸಿದ ಗಾಜಿನ ಪೆಟ್ಟಿಗೆಯಲ್ಲಿ, ಮುಖ ಮತ್ತು ಪಾದ ಮಾತ್ರ ಕಾಣುವಂತೆ ಬಿಳಿ ಬಟ್ಟೆ ಹೊದಿಸಿದ್ದಾರೆ. ಹತ್ತೊಂಬತ್ತರ ಆಸುಪಾಸಿನ ಹುಡುಗ. ಒಂದು ಕೆಲಸ ಮಾಡಿ: ಕಟಕಟೆಯ ಬಳಿ ನಿಂತು ಶವಕೋಣೆಯ ಅಳತೆಯನ್ನು ಕಣ್ಣಲ್ಲಿ ತುಂಬಿಕೊಳ್ಳಿ. ಸುಮಾರು 6.4 ಮೀಟರ್ ಉದ್ದ, 4 ಮೀಟರ್ ಅಗಲ, ನಮ್ಮ ಕಡೆಯ ಒಂದು ಸಾಧಾರಣ ಹಾಲ್‌ನಷ್ಟು. ಕೈರೋದಲ್ಲಿ ಇದು ಬೇಕಾಗುತ್ತದೆ.

ದುಡ್ಡು ಉಳಿಸಬೇಕೆನ್ನುವವರಿಗೆ, ಈ ಗೋರಿಯನ್ನು ಕಂಡುಹಿಡಿದ ಹೋವರ್ಡ್ ಕಾರ್ಟರ್‌ನ ಮನೆಯ ಪಕ್ಕದಲ್ಲಿ 2014ರಲ್ಲಿ ತೆರೆದ ಅದರ ಯಥಾವತ್ ಪ್ರತಿಕೃತಿ ಇದೆ. ಗೋಡೆಯ ಕಂದು ಚುಕ್ಕೆಗಳನ್ನೂ ಬಿಡದೆ ನಕಲು ಮಾಡಿದ್ದಾರೆ. ಜನರಿಲ್ಲದ ಕಾರಣ ಚಿತ್ರಗಳನ್ನು ಇಲ್ಲೇ ಹೆಚ್ಚು ನಿಧಾನವಾಗಿ ನೋಡಬಹುದು.

ಒಳಗೆ ಹೇಗೆ ನೋಡುವುದು

ಮಾರ್ಗದರ್ಶಕರು ಗೋರಿಯೊಳಗೆ ವಿವರಣೆ ಕೊಡುವಂತಿಲ್ಲ, ಹೊರಗೇ ಹೇಳಿ ಕಳಿಸುತ್ತಾರೆ. ಆದ್ದರಿಂದ ಒಳಗೆ ನಿಮ್ಮ ಕಣ್ಣಿಗೆ ಒಂದಿಷ್ಟು ಓದು ಬರಬೇಕು. ಥೀಬನ್ ಮ್ಯಾಪಿಂಗ್ ಪ್ರಾಜೆಕ್ಟ್‌ನ ಜಾಲತಾಣದಲ್ಲಿ ಗೋರಿಗಳ ನಕ್ಷೆಗಳಿವೆ, ಹಿಂದಿನ ರಾತ್ರಿ ನೋಡಿಕೊಳ್ಳಿ.

ಗೋಡೆಯ ಮೇಲೆ ಹಗ್ಗದ ಕುಣಿಕೆಯಂಥ ಉದ್ದನೆಯ ಚೌಕಟ್ಟು ಕಂಡರೆ ಒಳಗಿರುವುದು ಅರಸನ ಹೆಸರು. ಮೇಲೆ ಒಂದು ದುಂಡು ಬಿಲ್ಲೆ, ಅದು ಸೂರ್ಯ, "ರೇ". ನಡುವೆ ಚೌಕಾಬಾರದ ಮಣೆಯ ಮೇಲೆ ಕಾಯಿ ಜೋಡಿಸಿದಂಥ ಗುರುತು, "ಮೆನ್". ಕೆಳಗೆ ಕಾಲು ಚಾಚಿದ ಜೀರುಂಡೆ, "ಖೆಪೆರ್". ಕೂಡಿಸಿದರೆ ಮೆನ್‌ಖೆಪೆರ್‌ರೇ, ಮೂರನೇ ಥುಟ್‌ಮೋಸ್‌ನ ಪಟ್ಟದ ಹೆಸರು. ಸೂರ್ಯನನ್ನು ಮೊದಲು ಬರೆದು ಕೊನೆಗೆ ಓದುವುದು ದೇವರಿಗೆ ಕೊಡುವ ಮರ್ಯಾದೆ. ಅದೇ ಬಿಲ್ಲೆ, ಜೀರುಂಡೆ, ಅದರಡಿ ಮೂರು ಗೆರೆ, ತಳದಲ್ಲಿ ಬುಟ್ಟಿ ಇದ್ದರೆ ನೆಬ್‌ಖೆಪೆರುರೇ; ಅವನೇ ಟುಟಾಂಖಾಮನ್. ಈ ಎರಡನ್ನು ಕಲಿತು ಹೋದರೂ ಸಾಕು, ಗೋಡೆ ಮಾತಾಡತೊಡಗುತ್ತದೆ.

ಹೊರೆಂಹೆಬ್‌ನ ಕೆವಿ-57 ತೆರೆದಿದ್ದರೆ ಅಥವಾ ಸೇತಿಯ ಗೋರಿಗೆ ಹೋದರೆ ಅಪೂರ್ಣ ಗೋಡೆಗಳನ್ನು ಹುಡುಕಿ. ಶಿಷ್ಯ ಕೆಂಪು ಬಣ್ಣದಲ್ಲಿ ಆಕೃತಿ ಬರೆದಿದ್ದಾನೆ, ಗುರು ಕಪ್ಪು ಗೆರೆಯಲ್ಲಿ ತಿದ್ದಿದ್ದಾನೆ. ಎಲ್ಲೋ ಒಂದು ಕಡೆ ಭುಜದ ಬಾಗು ಅರ್ಧ ಬೆರಳಿನಷ್ಟು ಸರಿದಿರುತ್ತದೆ. ಮೂರು ಸಾವಿರ ವರ್ಷಗಳ ಹಿಂದಿನ ಆ ಕೈ ಅಲ್ಲಿ ಅಷ್ಟು ಹತ್ತಿರ ಇದೆ.

ಒಂದು ಗೋರಿಗೆ 30ರಿಂದ 40 ನಿಮಿಷ ಕೊಡಿ. ಒಮ್ಮೆಲೇ ಕೊನೆಯ ಕೋಣೆಗೆ ಹೋಗಿ, ಅಲ್ಲಿಂದ ಮೆಲ್ಲಗೆ ನೋಡುತ್ತ ಹೊರಗೆ ಬನ್ನಿ. ಗುಂಪಿನ ಎದುರು ದಿಕ್ಕಿನಲ್ಲಿ ಇರುವುದರಿಂದ ಒತ್ತಡ ಕಡಿಮೆ, ಹತ್ತುವಾಗ ಅಲ್ಲಲ್ಲಿ ನಿಲ್ಲಲು ನೆಪವೂ ಸಿಗುತ್ತದೆ. ಎರಡು ಗೋರಿಗಳ ನಡುವೆ ನೆರಳಲ್ಲಿ ಕೂತು ನೀರು ಕುಡಿಯಿರಿ. ತಲೆ ಸುತ್ತುವುದು ಹೆಚ್ಚಾಗಿ ಒಳಗಲ್ಲ, ಒಳಗಿನಿಂದ ಬಿಸಿಲಿಗೆ ಕಾಲಿಟ್ಟ ಕೂಡಲೇ.

ಗೋರಿಗೆ ನಿಮ್ಮಿಂದ ಆಗುವ ಹಾನಿ

ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಈ ಚಿತ್ರಗಳನ್ನು ಉಳಿಸಿದ್ದು ಒಣ ಹವೆ. ನಾವು ಒಳಗೆ ತರುವುದು ತೇವ. ಉಸಿರು, ಬೆವರು ಎರಡೂ ನೀರೇ. ಸುಣ್ಣಕಲ್ಲಿನಲ್ಲಿ ಉಪ್ಪು ಇದೆ. ತೇವ ಸಿಕ್ಕರೆ ಅದು ಕರಗಿ ಮೇಲ್ಮೈಗೆ ಬಂದು, ಒಣಗುವಾಗ ಹರಳಾಗಿ ಗಾರೆಯನ್ನು ಹಿಂದಿನಿಂದ ತಳ್ಳುತ್ತದೆ. ಹಳೇ ಮನೆಯ ಗೋಡೆಗೆ ತೇವ ಏರಿ, ಬಿಳಿ ಉಪ್ಪು ಹೂಬಿಟ್ಟು, ಸುಣ್ಣ ಹಕ್ಕಳೆಯಾಗಿ ಉದುರುವುದನ್ನು ಕಂಡವರಿಗೆ ಇದು ಹೊಸದಲ್ಲ. ಇನ್ನೂ ಆಳದ ಗೋರಿಗಳು ಸುಣ್ಣಕಲ್ಲಿನ ಕೆಳಗಿನ ಜೇಡಿಪದರ ಮುಟ್ಟುತ್ತವೆ. ಆ ಕಲ್ಲು ನೀರು ಹೀರಿ ಉಬ್ಬುತ್ತದೆ, ಕಂಬಗಳು ಸೀಳುತ್ತವೆ. ಮಳೆಯೇ ಇಲ್ಲದ ನಾಡು ಎನ್ನುತ್ತೇವೆ. ಆದರೆ ಅಪರೂಪಕ್ಕೆ ಸುರಿದರೆ ಕಣಿವೆ ಹೊಳೆಯಾಗುತ್ತದೆ. 1994ರ ಪ್ರವಾಹ ಹಲವು ಗೋರಿಗಳಿಗೆ ನುಗ್ಗಿತ್ತು. 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಎರಡನೇ ಥುಟ್‌ಮೋಸ್‌ನ ಗೋರಿ ಖಾಲಿಯಾಗಿದ್ದಕ್ಕೂ ಹಳೆಯ ಕಾಲದ ನೀರೇ ಕಾರಣ. ಟುಟಾಂಖಾಮನ್‌ನ ಗೋರಿ ಉಳಿದದ್ದೂ ಹಳೆಯ ಕಾಲದ ಇಂಥದ್ದೇ ಪ್ರವಾಹದಿಂದ: ಕೊಚ್ಚಿ ಬಂದ ಕಲ್ಲುಮಣ್ಣು ಬಾಗಿಲನ್ನು ಮುಚ್ಚಿತು, ಅದರ ಮೇಲೆ ಮುಂದಿನ ಕಾಲದ ಕೆಲಸಗಾರರು ಗುಡಿಸಲು ಕಟ್ಟಿದರು.

ಆದ್ದರಿಂದ ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಳ್ಳಿ, ತಿರುಗುವಾಗ ಗೋಡೆಗೆ ಉಜ್ಜುವುದು ಅದೇ. ಗಾಜಿನ ತಡೆ ಇಲ್ಲದ ಕಡೆಯೂ ಮುಟ್ಟಬೇಡಿ. ಫೋನಿನಲ್ಲಿ ಫೋಟೊ ತೆಗೆಯಬಹುದು, ಫ್ಲ್ಯಾಶ್ ಆರಿಸಿರಬೇಕು. ಒಳಗೆ ಹೋಗುವ ಮೊದಲೇ ಆರಿಸಿ, ಕತ್ತಲಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. ಯಾರಾದರೂ ಕಾವಲುಗಾರ ಕೈಸನ್ನೆ ಮಾಡಿ ಹಗ್ಗ ದಾಟಿಸಲು ಕರೆದರೆ ನಯವಾಗಿ "ಲಾ, ಶುಕ್ರನ್" (ಬೇಡ, ಧನ್ಯವಾದ) ಎಂದು ಮುಂದೆ ಸಾಗಿ. ಬೆಳಕು ತೋರಿಸಿದ, ದಾರಿ ಬಿಡಿಸಿದ ಮನುಷ್ಯನಿಗೆ ಹತ್ತಿಪ್ಪತ್ತು ಪೌಂಡ್ ಕೊಡುವುದು ಸರಿ. ಹಗ್ಗ ದಾಟಲು ಕೊಡುವುದು ಸರಿಯಲ್ಲ.

ಹೊರದಾರಿಯ ಅಂಗಡಿಗಳಲ್ಲಿ ಯಾರಾದರೂ ಕಿವಿಯಲ್ಲಿ "ಅಸಲಿ ಹಳೇದು" ಎಂದರೆ ಕೊಳ್ಳಬೇಡಿ. ಬಹುಪಾಲು ನಕಲಿ. ಅಸಲಿಯೇ ಆಗಿದ್ದರೆ 1983ರ 117ನೇ ಕಾನೂನಿನಂತೆ ಅಪರಾಧ. ಕಾಲಡಿಯ ಮಡಕೆ ಚೂರನ್ನೂ ಜೇಬಿಗಿಳಿಸಬಾರದು.

ಮಮ್ಮಿಗಳು ಎಲ್ಲಿಗೆ ಹೋದವು

20ನೇ ರಾಜವಂಶ ಕುಸಿದ ಮೇಲೆ ಕಳ್ಳರು ಗೋರಿಗಳನ್ನು ಬಿಡಲಿಲ್ಲ. ಪುರೋಹಿತರು ಅರಸರ ದೇಹಗಳನ್ನು ಒಟ್ಟುಗೂಡಿಸಿ, ಹೊಸ ಬಟ್ಟೆ ಸುತ್ತಿ, ಹೆಸರು ಬರೆದು ಎರಡು ಕಡೆ ಬಚ್ಚಿಟ್ಟರು. ಒಂದು ಬೆಟ್ಟದ ಆಚೆ ಬದಿಯ ದೇರ್ ಎಲ್-ಬಹರಿಯ ಬಳಿ. ಅದು 1881ರಲ್ಲಿ ಅಧಿಕಾರಿಗಳಿಗೆ ಸಿಕ್ಕಿತು. ಇನ್ನೊಂದು ಎರಡನೇ ಅಮೆನ್‌ಹೋಟೆಪ್‌ನ ಕೆವಿ-35, 1898ರಲ್ಲಿ ಸಿಕ್ಕಿತು.

ದೇಹ ಕೆಡದ ಗುಟ್ಟು ನೇಟ್ರಾನ್. ನಮ್ಮ ಬಟ್ಟೆ ಸೋಡಾ ಮತ್ತು ಅಡುಗೆ ಸೋಡಾ ಎರಡೂ ನಿಸರ್ಗದಲ್ಲೇ ಬೆರೆತಂಥ ಉಪ್ಪು ಅದು, ಕೈರೋದ ವಾಯವ್ಯದ ವಾದಿ ನತ್ರೂನ್ ಕೆರೆಗಳದು. ಮಿದುಳನ್ನು ಮೂಗಿನ ದಾರಿಯಲ್ಲಿ ತೆಗೆದು, ಹೊಟ್ಟೆಯ ಎಡಬದಿ ಸೀಳಿ ಯಕೃತ್ತು, ಶ್ವಾಸಕೋಶ, ಜಠರ, ಕರುಳು ಹೊರತೆಗೆದು, ಹೃದಯವನ್ನು ಮಾತ್ರ ಒಳಗೇ ಬಿಡುತ್ತಿದ್ದರು. ಆಮೇಲೆ ಸುಮಾರು 40 ದಿನ ಈ ಉಪ್ಪಿನಡಿ. ಕರಾವಳಿಯಲ್ಲಿ ಮೀನು ಒಣಗಿಸುವ ತತ್ವವೇ: ನೀರು ಹೋದರೆ ಕೊಳೆಸುವ ಜೀವಿಗೆ ಬದುಕಿಲ್ಲ. ಎಣ್ಣೆ, ರಾಳ, ನಾರುಬಟ್ಟೆಯ ಸುತ್ತು ಎಲ್ಲ ಸೇರಿ ಒಟ್ಟು 70 ದಿನ.

ಈ ಕೆಲಸದ ಸಲಕರಣೆಗಳನ್ನು ನೋಡಲು ಲಕ್ಸಾರ್‌ನ ನದಿದಂಡೆಯ ಮಮ್ಮೀಕರಣ ಮ್ಯೂಸಿಯಂಗೆ ಹೋಗಿ. ಚಿಕ್ಕದು, ಮುಕ್ಕಾಲು ಗಂಟೆ ಸಾಕು. ಕಣಿವೆ ನೋಡಿದ ದಿನದ ಸಂಜೆಗೆ ಲಕ್ಸಾರ್ ಮ್ಯೂಸಿಯಂ ಇಟ್ಟುಕೊಳ್ಳಿ. ಒಂದನೇ ಅಹ್ಮೋಸ್ ಅಲ್ಲಿದ್ದಾನೆ. ಪಕ್ಕದಲ್ಲಿ ಒಂದನೇ ರಾಮ್ಸೆಸ್ ಎಂದು ನಂಬಲಾದ ಮಮ್ಮಿ. ಆ ದೇಹ ನಯಾಗರ ಜಲಪಾತದ ಬಳಿಯ ಒಂದು ಮ್ಯೂಸಿಯಂನಲ್ಲಿ ಬಹುಕಾಲ ಯಾರೆಂದು ತಿಳಿಯದೆ ಬಿದ್ದಿದ್ದು, 2003ರಲ್ಲಿ ಅಟ್ಲಾಂಟಾದಿಂದ ತಾಯ್ನಾಡಿಗೆ ಮರಳಿತು.

ಕೈರೋದಲ್ಲಿ ಅರಸರ ಮಮ್ಮಿಗಳಿರುವುದು ಫುಸ್ತಾತ್‌ನ ರಾಷ್ಟ್ರೀಯ ನಾಗರಿಕತೆಯ ಮ್ಯೂಸಿಯಂನಲ್ಲಿ. 2021ರ ಏಪ್ರಿಲ್ 3ರಂದು 22 ದೇಹಗಳನ್ನು ರಾಜಮರ್ಯಾದೆಯ ಮೆರವಣಿಗೆಯಲ್ಲಿ ಅಲ್ಲಿಗೆ ತಂದರು. ಹಳೆಯ ಪುಸ್ತಕ ನೋಡಿ ತಹ್ರೀರ್ ಚೌಕದ ಮ್ಯೂಸಿಯಂಗೆ ಹೋಗಿ ಹುಡುಕುವವರು ಇನ್ನೂ ಇದ್ದಾರೆ. ಮಮ್ಮಿಗಳ ಸಭಾಂಗಣ ನೆಲಮಾಳಿಗೆಯಲ್ಲಿದೆ, ಬೆಳಕು ಮಂದ, ಫೋಟೊ ಸಂಪೂರ್ಣ ನಿಷಿದ್ಧ. ಒಂದನೇ ಸೇತಿಯ ಮುಖವನ್ನು ನೋಡಿ: ನಿದ್ದೆ ಹೋದವನಂತಿದ್ದಾನೆ. ಅವನ ಗೋರಿಗೆ ಇಳಿದು ಬಂದವರಿಗೆ ಈ ಭೇಟಿ ಬೇರೆಯೇ. ಮೂರನೇ ಥುಟ್‌ಮೋಸ್, ಮೂರನೇ ರಾಮ್ಸೆಸ್ ಕೂಡ ಇಲ್ಲೇ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ನೋಡಲಿರುವುದು ಗೊಂಬೆಯಲ್ಲ, ಸತ್ತ ಮನುಷ್ಯರು ಎಂದು ಮೊದಲೇ ತಿಳಿಸಿ. ಮೆಲುದನಿಯಲ್ಲಿ ಮಾತಾಡಲು ಮಕ್ಕಳಿಗೆ ಅಷ್ಟು ಹೇಳಿದರೆ ಸಾಕಾಗುತ್ತದೆ. (ಅಷ್ಟು ದೂರ ಹೋಗಲಾಗದವರಿಗೆ ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನ ರಾಜ್ಯ ಮ್ಯೂಸಿಯಂನಲ್ಲಿ ಈಜಿಪ್ಟಿನ ಒಂದು ಮಮ್ಮಿ ಇದೆ.)

ಈಜಿಪ್ಟಿನ ಒಣಮರಳು ಕನ್ನಡಿಗರಿಗೂ ಒಂದು ವಸ್ತು ಉಳಿಸಿಕೊಟ್ಟಿದೆ. ಕೈರೋದ ದಕ್ಷಿಣಕ್ಕಿರುವ ಆಕ್ಸಿರಿಂಕಸ್‌ನ ಹಳೇ ಕಸದ ಗುಡ್ಡೆಯಲ್ಲಿ ಸಿಕ್ಕ 413ನೇ ಪಪೈರಸ್‌ನ ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯ ಪಾತ್ರಗಳಾಡುವ ಮಾತು ಕನ್ನಡ ಎಂದು ಕೆಲವು ವಿದ್ವಾಂಸರು 20ನೇ ಶತಮಾನದ ಆರಂಭದಿಂದ ವಾದಿಸುತ್ತ ಬಂದಿದ್ದಾರೆ. ಎಲ್ಲರೂ ಒಪ್ಪಿಲ್ಲ. ಆ ಹಾಳೆ ಈಗಿರುವುದು ಆಕ್ಸ್‌ಫರ್ಡಿನಲ್ಲಿ, ಕೈರೋದಲ್ಲಿ ಹುಡುಕಬೇಡಿ.

ಕೊನೆಯ ದಿನ: ಗೀಝಾ

ಟುಟಾಂಖಾಮನ್‌ನ ವಸ್ತುಗಳು ಗೀಝಾ ಪಿರಮಿಡ್ಡುಗಳ ಪಕ್ಕದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂನಲ್ಲಿವೆ. 2025ರ ನವೆಂಬರ್ 1ರಂದು ಅದರ ಅಧಿಕೃತ ಉದ್ಘಾಟನೆ ನಡೆಯಿತು, ಮೂರು ದಿನಗಳ ನಂತರ ಸಾರ್ವಜನಿಕರಿಗೆ ಟುಟಾಂಖಾಮನ್ ವಿಭಾಗ ತೆರೆಯಿತು. ಗೋರಿ ಸಿಕ್ಕ 1922ರ ನವೆಂಬರ್ 4ರ ನೆನಪಿನ ದಿನವದು. ಐದು ಸಾವಿರಕ್ಕೂ ಹೆಚ್ಚಿನ ವಸ್ತುಗಳು. ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ, ಗಂಟೆ ಆರಿಸಿ ಕೊಳ್ಳಬೇಕು. ಬೆಳಗಿನ ಮೊದಲ ಗಂಟೆ ಹಿಡಿಯಿರಿ. ಇಡೀ ದಿನ ಇದಕ್ಕೇ ಇರಲಿ.

ಒಳಗೆ ಹೋದವರೆಲ್ಲ ಹತ್ತು ಕೆ.ಜಿ. ತೂಕದ ಚಿನ್ನದ ಮುಖವಾಡದತ್ತ ಧಾವಿಸುತ್ತಾರೆ. ಮೊದಲ ಗಂಟೆಯಲ್ಲಿ ಹೋದರೆ ನೀವೂ ಅದನ್ನೇ ಮೊದಲು ನೋಡಿ, ಆಮೇಲೆ ಹತ್ತಿರ ಸುಳಿಯಲಾಗದು. ಅಲ್ಲಿಂದ ಸಣ್ಣ ವಸ್ತುಗಳಿಗೆ ಬನ್ನಿ: ಉಲ್ಕೆಯ ಕಬ್ಬಿಣದಿಂದ ಮಾಡಿದ ಕಠಾರಿ, ಅರಸ ನಡೆದಾಗೆಲ್ಲ ತುಳಿದಂತಾಗಲೆಂದು ಅಟ್ಟೆಯ ಮೇಲೆ ಶತ್ರುಗಳ ಚಿತ್ರ ಬರೆದ ಪಾದರಕ್ಷೆ, ರಾಶಿ ಊರುಗೋಲು.

ಕೊನೆಗೆ ಒಂದರೊಳಗೊಂದು ಇಟ್ಟಿದ್ದ, ಚಿನ್ನದ ತಗಡು ಹೊದಿಸಿದ ನಾಲ್ಕು ಮರದ ಮಂಟಪಗಳ ಮುಂದೆ ನಿಲ್ಲಿ. ಹೊರಗಿನದು ಸುಮಾರು 5 ಮೀಟರ್ ಉದ್ದ, 3.3 ಮೀಟರ್ ಅಗಲ. ಪಕ್ಕಕ್ಕೆ ಹೆಜ್ಜೆಯಿಟ್ಟು ಅಳೆದು ನೋಡಿ, ಕಣಿವೆಯಲ್ಲಿ ಕಣ್ಣಲ್ಲಿ ತುಂಬಿಕೊಂಡ ಆ ಕೋಣೆಯನ್ನು ಅದರ ಸುತ್ತ ಇಟ್ಟುಕೊಳ್ಳಿ. ಗೋಡೆಗೂ ಮಂಟಪಕ್ಕೂ ನಡುವೆ ಒಬ್ಬ ಮನುಷ್ಯ ಅಡ್ಡ ತಿರುಗಿ ನುಸುಳುವಷ್ಟೇ ಜಾಗ ಉಳಿಯುತ್ತದೆ. ಕಾರ್ಟರ್ ಮತ್ತು ಅವನ ಕೆಲಸಗಾರರು ಆ ಸಂದಿನಲ್ಲಿ ನಿಂತು, ನಾಲ್ಕನ್ನೂ ಹಲಗೆ ಹಲಗೆಯಾಗಿ ಬಿಚ್ಚಿ ಹದಿನಾರು ಮೆಟ್ಟಿಲ ಮೇಲಕ್ಕೆ ತಂದರು.